ಎರಡು ನೂಲು ತಪ್ಪಿದ ತೋಳು

ಕಳೆದ ತಿಂಗಳ ಒಂದು ಶುಕ್ರವಾರ. ಬೆಳಿಗ್ಗೆ ಆರೂವರೆ ಗಂಟೆ. ಕೆಂಪೇಗೌಡ ರಸ್ತೆಯ ಒಂದು ಚಿತ್ರಮಂದಿರದ ಮುಂದೆ ನಿಂತಿದ್ದೆ. ದೊಡ್ಡ ನಟರೊಬ್ಬರ ಹೊಸ ಚಿತ್ರ ಬಿಡುಗಡೆ. (ಯಾವ ನಟ ಅಂತ ಕೇಳಬೇಡಿ. ಹೆಸರು ಬರೆದರೆ ಅವರ ಅಭಿಮಾನಿಗಳು ಜಗಳಕ್ಕೆ ಬರ್ತಾರೆ, ಬಿಟ್ಟರೆ ಉಳಿದವರ ಅಭಿಮಾನಿಗಳು ಬರ್ತಾರೆ!) ತಮಟೆ, ಪಟಾಕಿ, ಕಟೌಟಿಗೆ ಹಾಲು, ಆಳೆತ್ತರದ ಸೇವಂತಿಗೆ ಹಾರ… ಎಲ್ಲ ಇದ್ದದ್ದೇ. ಪತ್ರಿಕೆಗೆ ನಾಲ್ಕು ಸಾಲು ಬರೆಯಲು ಹೋದ ನನ್ನ ಕಣ್ಣು ಮಾತ್ರ ಬೇರೆ ಕಡೆ ನೆಟ್ಟಿತ್ತು.

ಅಭಿಮಾನಿ ಸಂಘದ ಸುಮಾರು ಇನ್ನೂರು ಜನ ಒಂದೇ ಬಣ್ಣದ ಟೀ ಶರ್ಟ್ ತೊಟ್ಟು ಕುಣಿಯುತ್ತಿದ್ದರು. ಎಲ್ಲರ ಎದೆ ಮೇಲೂ ಹೀರೋ ಮುಖ. ಒಬ್ಬ ಹುಡುಗ ಕಡ್ಡಿ ಪೈಲ್ವಾನ್. ಅವನ ಶರ್ಟು ಮಡಿಕೆ ಬಿದ್ದು ಹೀರೋಗೆ ಒಂದೇ ಕಣ್ಣು ಕಾಣ್ತಿತ್ತು. ಪಕ್ಕದಲ್ಲಿ ಧಡೂತಿ ಅಣ್ಣ ಒಬ್ಬರು. ಅವರ ಹೊಟ್ಟೆ ಮೇಲೆ ಹೀರೋ ಕೆನ್ನೆ ಎರಡೂ ಬೇಕರಿ ಬನ್ನಿನ ಹಾಗೆ ಉಬ್ಬಿಕೊಂಡಿತ್ತು. ಹೀರೋ ಒಬ್ಬರೇ, ಮುಖ ಇನ್ನೂರು!

ಸಂಘದ ಕಾರ್ಯದರ್ಶಿಯನ್ನು ಕೇಳಿದೆ, "ಏನ್ ಸಾರ್ ಇದು?"

ಪಾಪ, ಆತ ತಲೆ ಕೆರೆದುಕೊಂಡ. "ಎಲ್ಲಾನೂ ಎಲ್ ಸೈಜೇ ಮಾಡಿಸಿಬಿಟ್ವಿ ಸಾರ್. ಎಲ್ ಅಂದ್ರೆ ಎಲ್ಲರಿಗೂ ಆಗುತ್ತೆ ಅಂದ್ಕೊಂಡೆ!"

ಹೊಟ್ಟೆ ಹಿಡಿದುಕೊಂಡು ನಕ್ಕೆ. ಆದರೆ ಸ್ವಲ್ಪ ಹೊತ್ತಿಗೆ ಆ ಧಡೂತಿ ಅಣ್ಣ ಬಗಲಲ್ಲಿ ಬಿಗಿಯುತ್ತಿದ್ದ ತೋಳನ್ನು ಎಳೆದು ಎಳೆದು ಬಿಡುತ್ತಾ, "ನನ್ ಮೈಯೇ ಸರಿಯಿಲ್ಲ ಬಿಡಿ ಸಾರ್, ತಿನ್ನೋದು ಕಡಿಮೆ ಮಾಡ್ಬೇಕು" ಅಂದರು. ನನ್ನ ನಗು ಅಲ್ಲೇ ನಿಂತಿತು. ಇದೇ ಮಾತನ್ನು ನಮ್ಮ ಮನೆಯಲ್ಲೇ ಒಬ್ಬರ ಬಾಯಲ್ಲಿ ಕೇಳಿದ್ದೆ. ಆಗ ಉತ್ತರ ಗೊತ್ತಿದ್ದೂ ಸುಮ್ಮನಿದ್ದೆ. ಓದುಗ ಮಿತ್ರರೇ, ಇಂದು ಆ ಉತ್ತರ ಹೇಳಿಬಿಡುತ್ತೇನೆ. ಸಿನಿಮಾ ಪತ್ರಿಕೆಯಲ್ಲಿ ಬಟ್ಟೆ ಮಾತೇಕೆ ಅಂತೀರಾ? ಬಣ್ಣದ ಲೋಕ ನಿಂತಿರೋದೇ ಬಟ್ಟೆ ಮೇಲೆ ಸ್ವಾಮಿ!

ಪಿಯುಸಿಗೆ ನಮಸ್ಕಾರ

ಫ್ಲಾಷ್‌ಬ್ಯಾಕ್. 2015ನೇ ಇಸವಿ. ಚನ್ನಪಟ್ಟಣದ ಹತ್ತಿರ ಒಂದು ಹಳ್ಳಿ ನಮ್ಮದು. ನಾನು ಎರಡನೇ ಪಿಯುಸಿ, ಕಾಮರ್ಸು. ಕಾಲೇಜಿಗೆ ಅಂತ ಬಸ್ ಹತ್ತಿದವನು ಕಾಲೇಜು ಸ್ಟಾಪಿನಲ್ಲಿ ಇಳಿಯದೆ ಮುಂದಕ್ಕೆ ಹೋಗಿ ಮ್ಯಾಟಿನಿಗೆ ಇಳಿಯುತ್ತಿದ್ದೆ. ಹಾಜರಿ ಸಾಲದೆ ಪರೀಕ್ಷೆಗೆ ಕೂರಿಸಲಿಲ್ಲ. ಅಪ್ಪ ಬಯ್ಯಲಿಲ್ಲ, ಮಾತೇ ಬಿಟ್ಟರು. ಅದಕ್ಕಿಂತ ಬೈಗುಳವೇ ವಾಸಿಯಾಗಿತ್ತು.

ಅಕ್ಕ ಆಗಲೇ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಬೆಳಗಿನ ಜಾವ ಎದ್ದು, ಡಬ್ಬಿ ಕಟ್ಟಿಕೊಂಡು, ಮೈಸೂರು ರಸ್ತೆಯ ಪಕ್ಕದ ಒಂದು ಗಲ್ಲಿಯ ಶರ್ಟ್ ಫ್ಯಾಕ್ಟರಿಗೆ. ಒಂದು ದಿನ, "ಮನೇಲಿ ಕೂತು ಸಿನಿಮಾ ಪುಸ್ತಕ ತಿರುವಿದ್ರೆ ಹೊಟ್ಟೆ ತುಂಬುತ್ತೇನೋ? ಬಾ ನನ್ ಜೊತೆ" ಅಂತ ಕೈ ಹಿಡಿದು ಎಳಕೊಂಡು ಹೋದಳು. ಮ್ಯಾನೇಜರ್ ಮುಂದೆ, "ನನ್ ತಮ್ಮ ಸಾರ್, ಲೆಕ್ಕದಲ್ಲಿ ಚುರುಕು" ಅಂತ ಸುಳ್ಳು ಹೇಳಿದಳು. ಆ ಸುಳ್ಳಿಗೆ ಮುಂದೆ ಅವಳೇ ದಂಡ ಕಟ್ಟಬೇಕಾಯಿತು ಅನ್ನೋದೇ ಈ ಕಥೆ.

ಲೆಕ್ಕ ಬರುತ್ತೆ ಅಂತ ನನ್ನನ್ನು ಪ್ಯಾಟರ್ನ್ ಮಾಸ್ಟರ್ ಕೈಕೆಳಗೆ ಹೆಲ್ಪರ್ ಮಾಡಿದರು. ದೊಡ್ಡ ಫ್ಯಾಕ್ಟರಿಗಳಲ್ಲಿ ಅಷ್ಟು ಹೊತ್ತಿಗೆ ಈ ಕೆಲಸಕ್ಕೆ ಕಂಪ್ಯೂಟರ್ ಬಂದಿತ್ತು. ನಮ್ಮದು ದೊಡ್ಡವರಿಂದ ಕೆಲಸ ತಂದು ಹೊಲಿದುಕೊಡುವ ಸಣ್ಣ ಯೂನಿಟ್. ಎಲ್ಲವೂ ಕೈಯಲ್ಲೇ. ಒಂದು ಉದ್ದನೆಯ ಟೇಬಲ್, ಸ್ಟೀಲ್ ಸ್ಕೇಲ್, ಚೂಪು ಮಾಡಿದ ಪೆನ್ಸಿಲ್, ಗೋಡೆ ತುಂಬ ಕೊಕ್ಕೆಗೆ ನೇತು ಹಾಕಿದ ಕಂದು ರಟ್ಟಿನ ಪ್ಯಾಟರ್ನುಗಳು. ಮುಂಭಾಗ, ಬೆನ್ನು, ತೋಳು, ಕಾಲರ್, ಕಫ್… ಮನುಷ್ಯನನ್ನು ಬಿಚ್ಚಿ ಬಿಚ್ಚಿ ನೇತು ಹಾಕಿದ ಹಾಗೆ!

ಮಾಸ್ಟರ್ ಶಿವಾಜಿನಗರದವರು. ಅರವತ್ತರ ಹತ್ತಿರ. ಕಿವಿಯಲ್ಲಿ ಸದಾ ಪೆನ್ಸಿಲ್, ಕೊರಳಲ್ಲಿ ಟೇಪು. ವಯಸ್ಸಿನಲ್ಲಿ ಸಿನಿಮಾ ಕಂಪನಿಗಳಿಗೆ ಗ್ರೂಪ್ ಡ್ಯಾನ್ಸಿನವರ ಬಟ್ಟೆ ಹೊಲಿದವರಂತೆ. ನನಗೆ ಇನ್ನೇನು ಬೇಕು! ದಿನಾ ಪೀಡಿಸಿ ಕಥೆ ಕೇಳುತ್ತಿದ್ದೆ. ನನ್ನನ್ನು ಅವರು ಕರೆಯುತ್ತಿದ್ದದ್ದು 'ಕಾಲೇಜು' ಅಂತ.

"ಹೀರೋ, ಹೀರೋಯಿನ್ ಬಟ್ಟೆಗೆ ಒಂದೇ ಮೈ, ಒಂದೇ ಅಳತೆ ಕಾಲೇಜು. ಗ್ರೂಪಿನವರಿಗೆ ಮೂರು ಸೈಜು ಮಾಡಿ ಒಳಗೆ ಬಟ್ಟೆ ಬಿಟ್ಟಿರ್ತಿದ್ವಿ. ದಪ್ಪ ಇದ್ರೆ ಬಿಚ್ಚಿ ಬಿಡೋದು, ಸಣ್ಣ ಇದ್ರೆ ಬೆನ್ನ ಹಿಂದೆ ಪಿನ್ನು. ಕ್ಯಾಮೆರಾ ಮುಂದೆ ಇರುತ್ತೆ, ಹಿಂದೆ ಯಾರು ನೋಡ್ತಾರೆ? ಸಿನಿಮಾ ಬಟ್ಟೇಲಿ ಮಾಫಿ ಐತೆ. ಈ ಎಕ್ಸ್‌ಪೋರ್ಟ್ ಶರ್ಟಲ್ಲಿ ಮಾಫಿ ಇಲ್ಲ."

ಮಾತು ನಿಜ. ನಮ್ಮ ದೇಶಕ್ಕೆ ಮೊಟ್ಟಮೊದಲ ಆಸ್ಕರ್ ಬಂದದ್ದು ನಟನೆಗಲ್ಲ, ವಸ್ತ್ರವಿನ್ಯಾಸಕ್ಕೆ. 'ಗಾಂಧಿ' ಚಿತ್ರಕ್ಕೆ 1983ರಲ್ಲಿ ಭಾನು ಅಥೈಯಾ ಅವರು ಜಾನ್ ಮೊಲ್ಲೊ ಜೊತೆ ಹಂಚಿಕೊಂಡ ಪ್ರಶಸ್ತಿ ಅದು. ತೆರೆಯ ಮೇಲೆ ಪಾತ್ರಧಾರಿಯ ಮೈಗೆ ಬಟ್ಟೆ ಒಗ್ಗಬೇಕು. ರೆಡಿಮೇಡ್ ಅಂಗಡಿಯಲ್ಲಿ ಮಾತ್ರ ಉಲ್ಟಾ. ಅಲ್ಲಿ ಬಟ್ಟೆಗೆ ನಮ್ಮ ಮೈ ಒಗ್ಗಬೇಕು!

ಕಟೌಟ್ ಬೇರೆ, ಗ್ರೇಡಿಂಗ್ ಬೇರೆ

ಗ್ರೇಡಿಂಗ್ ಅಂದ್ರೆ ಏನು? ಹೇಳ್ತೀನಿ ಕೇಳಿ. ಕಂಪನಿಯವರು ಮೊದಲು ಒಂದೇ ಸೈಜಿಗೆ, ಹೆಚ್ಚಾಗಿ ಮೀಡಿಯಮ್ಮಿಗೆ, ಶರ್ಟ್ ಮಾಡಿಸುತ್ತಾರೆ. ಒಬ್ಬ ಮನುಷ್ಯನಿಗೆ ತೊಡಿಸಿ, ತಿದ್ದಿ, ಒಪ್ಪುತ್ತಾರೆ. ಆ ಒಂದು ಪ್ಯಾಟರ್ನಿನಿಂದ ಎಸ್, ಎಲ್, ಎಕ್ಸ್‌ಎಲ್ ಎಲ್ಲ ಹುಟ್ಟಬೇಕು. ಉಳಿದ ಸೈಜಿಗೆಲ್ಲ ಮತ್ತೆ ಮೈ ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ. ಆ ಲೆಕ್ಕವೇ ಗ್ರೇಡಿಂಗ್.

ಮೊದಲ ದಿನ ನಾನು ಜಾಣನ ಹಾಗೆ, "ಅಷ್ಟೇನಾ ಮಾಸ್ಟರ್? ಫೋಟೋ ದೊಡ್ಡದು ಮಾಡಿದ ಹಾಗೆ ದೊಡ್ಡದು ಮಾಡಿದ್ರಾಯ್ತು" ಅಂದೆ.

ಮಾಸ್ಟರ್ ನಕ್ಕರು. "ಗಾಂಧಿನಗರದಲ್ಲಿ ಕಟೌಟ್ ಬರೆಯೋದು ನೋಡಿದೀಯಾ? ಫೋಟೋ ಮೇಲೆ ಚೌಕ ಹಾಕಿ, ಒಂದೊಂದು ಚೌಕಾನೂ ದೊಡ್ಡದು ಮಾಡ್ತಿದ್ರು. ಮೂಗೂ ದೊಡ್ಡದು, ಮೀಸೇನೂ ದೊಡ್ಡದು, ಗುಂಡೀನೂ ದೊಡ್ಡದು. ಶರ್ಟ್ ಹಂಗೆ ಮಾಡಿದ್ರೆ ಎಕ್ಸ್‌ಎಲ್ ಹಾಕೋನ ಕತ್ತು ಜಿರಾಫೆ ಕತ್ತಾಗಬೇಕು, ಕೈ ಮೊಳಕಾಲು ದಾಟಬೇಕು. ಮನುಷ್ಯ ಕಟೌಟ್ ತರ ಬೆಳೆಯಲ್ಲ ಕಾಲೇಜು!"

ಆಮೇಲೆ ಪೆನ್ಸಿಲ್ ಹಿಡಿದು ತೋರಿಸಿದರು. ಒಂದು ಸೈಜಿನಿಂದ ಇನ್ನೊಂದಕ್ಕೆ ಎದೆ ಸುತ್ತಳತೆ 2 ಇಂಚು ಹೆಚ್ಚು ಅಂತಿಟ್ಟುಕೊಳ್ಳಿ. ನಮ್ಮ ಅಂಗಡಿಯ 38, 40, 42 ನಂಬರಿನ ಲೆಕ್ಕವೂ ಅದೇ ತಾನೆ? ಆ 2 ಇಂಚನ್ನು ನಾಲ್ಕು ಪಾಲು ಮಾಡಬೇಕು. ಮುಂಭಾಗದ ಎಡಬಲ, ಬೆನ್ನಿನ ಎಡಬಲ. ಪಕ್ಕದ ಹೊಲಿಗೆಯ ಹತ್ತಿರ ಒಂದೊಂದಕ್ಕೆ ಅರ್ಧ ಇಂಚು ಸರಿಸಬೇಕು. ಆದರೆ ಭುಜವನ್ನು ಅರ್ಧ ಇಂಚು ಸರಿಸಿದರೆ ಕೆಟ್ಟಿತು. ಅಲ್ಲಿಗೆ ಎರಡು ನೂಲು ಸಾಕು. (ಒಂದು ನೂಲು ಅಂದ್ರೆ ಇಂಚಿನಲ್ಲಿ ಎಂಟನೇ ಒಂದು ಭಾಗ. ಬಡಗಿಗಳು ಹೇಳ್ತಾರಲ್ಲ, ಅದೇ.) ಕತ್ತಿಗೆ ಇನ್ನೂ ಕಡಿಮೆ. ಒಂದೊಂದು ಮೂಲೆಗೆ ಒಂದೊಂದು ನ್ಯಾಯ!

ಎಲ್ಲಕ್ಕಿಂತ ಕಷ್ಟ ತೋಳು. ತೋಳಿನ ನೆತ್ತಿಯ ಕಮಾನು ಹೋಗಿ ಕೂರಬೇಕಾದ್ದು ಆರ್ಮ್‌ಹೋಲಿನ ಸುತ್ತಿನಲ್ಲಿ. "ಇವೆರಡೂ ಗಂಡ ಹೆಂಡ್ತಿ ಇದ್ದಂಗೆ" ಅನ್ನೋರು ಮಾಸ್ಟರ್. "ಆರ್ಮ್‌ಹೋಲ್ ಬೆಳೆದಷ್ಟು ತೋಳೂ ಬೆಳೀಬೇಕು. ಒಬ್ರು ಬೆಳೆದು ಒಬ್ರು ನಿಂತ್ರೆ ಸಂಸಾರ ಸುಕ್ಕು!" ಪ್ರತಿ ಸೈಜಿಗೂ ತೋಳಿನ ರಟ್ಟನ್ನು ಆರ್ಮ್‌ಹೋಲಿನ ರಟ್ಟಿನ ಅಂಚಿಗೆ ಇಟ್ಟು, ಉರುಳಿಸಿಕೊಂಡು ಹೋಗಿ, ನಾಚ್‌ಗೆ ನಾಚ್ ಕೂಡುತ್ತದಾ ನೋಡಬೇಕು. ನೋಡದೆ ಕಟಿಂಗಿಗೆ ಕೊಡಬಾರದು. ಇದು ಅವರ ಕಾನೂನು.

ಮೂರರ ಜಾಗದಲ್ಲಿ ಒಂದು

ಒಂದು ಶನಿವಾರ ಸಂಜೆ ಅರ್ಜೆಂಟ್ ಆರ್ಡರ್ ಬಂತು. ಮಾಸ್ಟರಿಗೆ ಜ್ವರ. ಎಸ್, ಎಲ್ ತಾವೇ ಮುಗಿಸಿ, ಎಕ್ಸ್‌ಎಲ್ ಲೆಕ್ಕ ಒಂದು ಚೀಟಿಯಲ್ಲಿ ಬರೆದುಕೊಟ್ಟು, "ನಾಚ್ ನೋಡಿ ಕೊಡು" ಅಂತ ಹೇಳಿ ಹೊರಟರು. ಆ ಸಂಜೆ ನನಗೂ ಒಂದು ಅರ್ಜೆಂಟ್ ಇತ್ತು. ಆರೂವರೆ ಆಟ!

ತೋಳಿನ ಬಗಲ ತುದಿಯನ್ನು ಎರಡೂ ಕಡೆ ಮೂರು ಮೂರು ನೂಲು ಸರಿಸಬೇಕಿತ್ತು. ಚೀಟಿಯಲ್ಲಿದ್ದ ಅಂಕಿಯನ್ನು ಅವಸರದಲ್ಲಿ ಒಂದು ಅಂತ ಓದಿಕೊಂಡೆ. ಒಂದೊಂದು ಕಡೆ ಎರಡು ನೂಲು ಕಡಿಮೆ ಬಿತ್ತು. ಒಟ್ಟು ಅರ್ಧ ಇಂಚು. ರಟ್ಟು ಕತ್ತರಿಸಿದೆ. ಉರುಳಿಸಿ ನೋಡಲಿಲ್ಲ. ಎಕ್ಸ್‌ಎಲ್ ಅಂತ ಬರೆದು ಕೊಕ್ಕೆಗೆ ಹಾಕಿ ಓಡಿದೆ. ಟೈಟಲ್ ಕಾರ್ಡಿಗೆ ಸರಿಯಾಗಿ ಸೀಟಿನಲ್ಲಿದ್ದೆ.

ಭಾನುವಾರವೂ ಕಟಿಂಗ್ ನಡೆಯಿತು. ಟೇಬಲ್ ಮೇಲೆ ಬಟ್ಟೆಯ 120 ಪದರ ಹಾಸಿದರು. ಒಂದು ಪದರಕ್ಕೆ ಆರು ಶರ್ಟು. ಎಸ್ ಒಂದು, ಎಂ ಎರಡು, ಎಲ್ ಎರಡು, ಎಕ್ಸ್‌ಎಲ್ ಒಂದು. ಎಲ್ಲ ಸೈಜಿನಲ್ಲೂ ಒಂದೊಂದು ಶರ್ಟ್ ಮೊದಲೇ ಹೊಲಿದು ನೋಡಬೇಕು ಅನ್ನೋದು ನಿಯಮ. ಅವಸರಕ್ಕೆ ನಿಯಮ ಎಲ್ಲಿದೆ? ಮೀಡಿಯಮ್ ಒಂದನ್ನು ನೋಡಿ ಬಿಟ್ಟುಬಿಟ್ಟರು. ಕತ್ತರಿಸುವ ಮಷಿನ್ನು ಒಂದೇ ಏಟಿಗೆ 120 ಪದರ ಸೀಳುತ್ತದೆ. ನನ್ನ ಒಂದು ತಪ್ಪು ಒಂದು ಗಳಿಗೆಯಲ್ಲಿ 120 ಶರ್ಟಿನ 240 ತೋಳಾಯಿತು.

ಸೋಮವಾರ ಮಧ್ಯಾಹ್ನ ಎಕ್ಸ್‌ಎಲ್ ಬಂಡಲ್‌ಗಳು ಲೈನಿಗೆ ಬಂದವು. ಲೈನಿನಲ್ಲಿ ತೋಳು ಕೂಡಿಸುವ ಮಷಿನ್ ಮೇಲೆ ಕೂರುತ್ತಿದ್ದದ್ದು ಯಾರು ಗೊತ್ತೇ? ನಮ್ಮ ಅಕ್ಕ.

ಬೆಳಗಿನಿಂದ ಸಲೀಸಾಗಿ ಓಡುತ್ತಿದ್ದ ಅವಳ ಮಷಿನ್ ನಿಂತು ನಿಂತು ಸಾಗತೊಡಗಿತು. ತೋಳು ಮುಗಿದರೂ ಆರ್ಮ್‌ಹೋಲ್ ಮುಗಿಯುತ್ತಿಲ್ಲ! ಅಕ್ಕ ಅನುಭವಸ್ಥೆ. ಓರೆ ಎಳೆಯಲ್ಲಿ ಬಟ್ಟೆ ಹಿಗ್ಗುತ್ತದೆ ಅಂತ ಅವಳಿಗೆ ಗೊತ್ತು. ಬೆರಳಿನಲ್ಲಿ ತೋಳನ್ನು ಎಳೆದು ಹಿಗ್ಗಿಸಿ ಹೇಗೋ ಕೂರಿಸಿದಳು. ಕೆಲವು ಶರ್ಟು ಹಾಗೇ ದಾಟಿಯೂ ಹೋದವು. ಆಮೇಲೆ ಚೆಕಿಂಗಿನಲ್ಲಿ ಸಿಕ್ಕಿಬಿದ್ದವು. ಭುಜದ ಸುತ್ತ ಸುಕ್ಕೋ ಸುಕ್ಕು. ಬಿಚ್ಚಲು ವಾಪಸ್ ಬಂದ ರಾಶಿ ಅವಳ ಪಕ್ಕದಲ್ಲಿ ಬೆಳೆಯಿತು. ಅತ್ತ ಗಂಟೆಯ ಟಾರ್ಗೆಟ್ ಬೋರ್ಡಿನಲ್ಲಿ ಅಂಕಿ ಬೀಳುತ್ತಾ ಹೋಯಿತು.

ಸೂಪರ್‌ವೈಸರ್ ಬಂದ. "ಏನಮ್ಮಾ, ಕೈಗೆ ಏನು ಬಂದಿದೆ ನಿಂಗೆ? ಇಷ್ಟು ವರ್ಷ ಹೊಲಿದು ಒಂದು ತೋಳು ಕೂರಿಸೋಕೆ ಬರಲ್ವಾ? ಆಗಲ್ಲ ಅಂದ್ರೆ ಮನೇಗೆ ಹೋಗು!" ಲೈನಿನ ಅಷ್ಟೂ ಹೆಂಗಸರ ಎದುರು. ಒಂದು ಸಲ ಅಲ್ಲ, ಮೂರು ಗಂಟೆ ಹೊತ್ತು, ಬಂದಾಗಲೆಲ್ಲ ಅದೇ. ಅಕ್ಕ ತಲೆ ಎತ್ತಲಿಲ್ಲ. ಪ್ಯಾಟರ್ನ್ ಸರಿಯಿಲ್ಲ ಅನ್ನೋ ಅನುಮಾನವೂ ಅವಳಿಗೆ ಬರಲಿಲ್ಲ. ಯಾಕೆ ಹೇಳಿ? ಪ್ಯಾಟರ್ನ್ ರೂಮಿನಲ್ಲಿ ಲೆಕ್ಕದಲ್ಲಿ ಚುರುಕಾದ ಅವಳ ತಮ್ಮ ಇದ್ದ!

ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಮೊದಲ ಅರ್ಧ ಗಂಟೆಯಲ್ಲೇ ನನಗೆ ಗೊತ್ತಾಗಿತ್ತು. ಕೊಕ್ಕೆಯಿಂದ ತೋಳಿನ ರಟ್ಟು ತೆಗೆದು ಉರುಳಿಸಿದೆ. ನಾಚ್‌ಗೆ ನಾಚ್ ಕೂಡಲಿಲ್ಲ. ಓಡಿಹೋಗಿ "ತಪ್ಪು ನಂದು" ಅನ್ನಬೇಕಿತ್ತು. ಕಾಲು ಏಳಲಿಲ್ಲ. ತೆರೆ ಮೇಲೆ ಹೀರೋ ಅನ್ಯಾಯದ ಎದುರು ನಿಂತಾಗ ಶಿಳ್ಳೆ ಹಾಕಿದವನು ನಾನು!

ಸಂಜೆ ಮಾಸ್ಟರ್ ಜ್ವರದಲ್ಲೇ ಬಂದರು. ಒಂದು ತೋಳು ಕೈಗೆ ತಗೊಂಡು ಟೇಪು ಹಿಡಿದರು. ಒಂದೇ ನಿಮಿಷ. ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ನೇರ ಆಫೀಸಿಗೆ ಹೋಗಿ, "ಪ್ಯಾಟರ್ನ್ ನಂದು. ತಪ್ಪು ನಂದೇ. ಹುಡುಗಿ ಮೇಲೆ ಕೂಗಬೇಡಿ" ಅಂದರು. ಉಳಿದಿದ್ದ ಬೇರೆ ಥಾನಿನಲ್ಲಿ ತೋಳು ಮತ್ತೆ ಕತ್ತರಿಸಿದರೂ ಬಣ್ಣದಲ್ಲಿ ಒಂದು ಛಾಯೆ ವ್ಯತ್ಯಾಸ ಬಂತು. 120 ಶರ್ಟೂ ಆರ್ಡರಿನಿಂದ ಹೊರಬಿತ್ತು. ಮಾಸ್ಟರ್ ಸಂಬಳದಲ್ಲಿ ಹಿಡಿದರು. ಎರಡು ತಿಂಗಳಲ್ಲಿ ಅವರೇ ಬಿಟ್ಟು ಹೋದರು.

ಹೋಗುವ ದಿನ ನನಗೆ ಹೇಳಿದ್ದು ಇಷ್ಟೇ. "ರಟ್ಟು ತಪ್ಪಿದ್ರೂ ಎಲ್ರೂ ಕೈಗೇ ಬಯ್ತಾರೆ ಕಾಲೇಜು. ನೆನಪಿಟ್ಕೋ." ಅವರ ಹಿಂದೆಯೇ ನಾನೂ ಕೆಲಸ ಬಿಟ್ಟೆ. ಪೆನ್ನು ಹಿಡಿದೆ. ಅಕ್ಕನಿಗೆ ಮಾತ್ರ ನಿಜ ಹೇಳಲೇ ಇಲ್ಲ.

ಯಾರ ಮೈ ಅಳತೆ ಇದು?

ಪತ್ರಿಕೆಗಳಿಗೆ ಬರೆಯಲು ಶುರುಮಾಡಿದ ಮೇಲೆ ಈ ಸೈಜುಗಳ ಹುಟ್ಟು ಹುಡುಕಿಕೊಂಡು ಹೋದೆ. ಅದೂ ಒಂದು ಸಿನಿಮಾ ಕಥೆ!

ಅಳತೆಗಳನ್ನು ಕ್ರಮವಾಗಿ ಹೆಚ್ಚಿಸಿ, ಒಂದೇ ಉಡುಪನ್ನು ಬೇರೆ ಬೇರೆ ಸೈಜಿನ ಕಾಗದದ ಪ್ಯಾಟರ್ನ್ ಮಾಡಿ ಮಾರಲು 1863ರಲ್ಲಿ ಶುರುಮಾಡಿದವನು ಎಬೆನೆಜರ್ ಬಟರಿಕ್ ಅನ್ನುವ ಅಮೆರಿಕದ ದರ್ಜಿ. ಅದೇ ಕಾಲದಲ್ಲಿ ಅಲ್ಲಿ ಅಂತರ್ಯುದ್ಧ. ಸಾವಿರಾರು ಸೈನಿಕರಿಗೆ ಒಟ್ಟಿಗೆ ಸಮವಸ್ತ್ರ ಬೇಕು. ಒಬ್ಬೊಬ್ಬರ ಮೈ ಅಳೆಯುತ್ತಾ ಕೂತರೆ ಯುದ್ಧ ಮುಗಿದುಹೋಗುತ್ತೆ! ಗಂಡಸರ ಸೈಜಿನ ಲೆಕ್ಕ ಅಲ್ಲಿ ಬಲವಾಯಿತು.

ಹೆಂಗಸರ ಸರದಿ ಬಂದದ್ದು ತಡವಾಗಿ. 1939-40ರಲ್ಲಿ ಅಮೆರಿಕ ಸರ್ಕಾರದ ಕೃಷಿ ಇಲಾಖೆ ಸುಮಾರು 15,000 ಹೆಂಗಸರನ್ನು ಅಳೆಯಿತು. ಒಬ್ಬೊಬ್ಬರಿಗೂ 59 ಅಳತೆ. 1941ರಲ್ಲಿ ವರದಿ ಬಂತು. ಆದರೆ ಬಿಳಿಯರಲ್ಲದ ಹೆಂಗಸರ ಅಳತೆಗಳನ್ನು ಲೆಕ್ಕದಿಂದ ಕೈಬಿಟ್ಟಿದ್ದರು! ಆ ಅಂಕಿಗಳ ಆಧಾರದ ಮೇಲೆ 1958ರಲ್ಲಿ ಸೈಜಿನ ಒಂದು ಮಾನದಂಡ ಬಂತು, 1970ರಲ್ಲಿ ತಿದ್ದಿದರು, 1983ರಲ್ಲಿ ಕೈಬಿಟ್ಟರು. ಅಲ್ಲಿಂದಾಚೆಗೆ ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ. ಕೊಳ್ಳುವವರಿಗೆ ಖುಷಿಯಾಗಲಿ ಅಂತ ದೊಡ್ಡ ಬಟ್ಟೆಗೆ ಸಣ್ಣ ನಂಬರ್ ಅಂಟಿಸುವವರೂ ಉಂಟು. ಒಂದಂಗಡಿಯಲ್ಲಿ ಎಂ ಆದವರು ಪಕ್ಕದಂಗಡಿಯಲ್ಲಿ ಎಕ್ಸ್‌ಎಲ್!

ನಮ್ಮ ಕಥೆ? ಪರದೇಶದ ಆರ್ಡರಿಗೆ ಪರದೇಶದ ಅಳತೆ ಪಟ್ಟಿ, ಸರಿ. ನಮ್ಮವರಿಗೆ ಮಾರುವ ಬಟ್ಟೆಗೂ ನಮ್ಮದೇ ಅಂತ ಒಂದು ಮೈಯಳತೆ ಪಟ್ಟಿ ಇರಲಿಲ್ಲ. 2018ರಲ್ಲಿ ಜವಳಿ ಖಾತೆ ಮತ್ತು ನಿಫ್ಟ್ ಸಂಸ್ಥೆ ಸೇರಿ 'ಇಂಡಿಯಾಸೈಜ್' ಅನ್ನುವ ಯೋಜನೆ ಪ್ರಕಟಿಸಿದವು. 15ರಿಂದ 65 ವಯಸ್ಸಿನ 25,000 ಗಂಡಸರು ಹೆಂಗಸರನ್ನು, ನಮ್ಮ ಬೆಂಗಳೂರೂ ಸೇರಿ ಆರು ನಗರಗಳಲ್ಲಿ, ಮೈ ಮುಟ್ಟದೆ ಸುತ್ತಲಿಂದ ಅಳೆಯುವ ಸ್ಕ್ಯಾನರ್‌ಗಳಿಂದ ಅಳೆಯುವ ಯೋಜನೆ. ಒಳ್ಳೆಯ ಕೆಲಸ. ಆದರೂ ಒಂದು ಮಾತು. ಎಷ್ಟೇ ಸಾವಿರ ಜನರನ್ನು ಅಳೆದರೂ ಕೊನೆಗೆ ಪಟ್ಟಿಯಲ್ಲಿ ಕೂರೋದು ನಾಲ್ಕೈದು ಸೈಜು. ಎದೆ 40 ಇಂಚು ಇರುವ ನೂರು ಜನರ ಭುಜ ಒಂದೇ ಇರುತ್ತದೆಯೇ? ಹೊಟ್ಟೆ ಒಂದೇ ಇರುತ್ತದೆಯೇ? ಸೈಜು ಅಂದರೆ ಬಹಳ ಜನರಿಗೆ ಹತ್ತಿರ ಹತ್ತಿರ ಬರುವ ಒಂದು ಅಂದಾಜು. ಅಂದಾಜು ತಪ್ಪಿದರೆ ಅದು ಮೈಯ ತಪ್ಪಲ್ಲ.

ಅಕ್ಕನಿಗೆ

ಹೋದ ವರ್ಷ ಗೌರಿ ಹಬ್ಬಕ್ಕೆ ಅಕ್ಕನನ್ನು ಒಂದು ದೊಡ್ಡ ಬಟ್ಟೆ ಅಂಗಡಿಗೆ ಕರಕೊಂಡು ಹೋದೆ. ಕುರ್ತಾ ಕೊಡಿಸೋಣ ಅಂತ. ಎಲ್ ಹಾಕಿದಳು, ರಟ್ಟೆ ಹಿಡಿಯಿತು. ಎಕ್ಸ್‌ಎಲ್ ಹಾಕಿದಳು, ಭುಜ ಜಾರಿತು. ವರ್ಷಗಟ್ಟಲೆ ಮಷಿನ್ ಮೇಲೆ ಬಗ್ಗಿ ಅವಳ ಭುಜ ಮುಂದಕ್ಕೆ ಬಂದಿದೆ. ಅಂಥ ಭುಜಕ್ಕೆ ಯಾವ ಪಟ್ಟಿಯಲ್ಲೂ ಸೈಜಿಲ್ಲ. ಟ್ರಯಲ್ ರೂಮಿನಿಂದ ಹೊರಬಂದು, "ಬಿಡೋ, ನನ್ ಮೈಯೇ ಸರಿಯಿಲ್ಲ" ಅಂದಳು. ಊರಿಗೆಲ್ಲ ತೋಳು ಕೂರಿಸಿದವಳಿಗೆ ಅವಳ ತೋಳಿಗೆ ಆಗುವ ಒಂದು ಬಟ್ಟೆ ಸಿಗಲಿಲ್ಲ. ಬಾಯಿ ತುದಿಗೆ ಬಂದದ್ದನ್ನು ಅವತ್ತೂ ನುಂಗಿಕೊಂಡೆ.

ಅವತ್ತು ಲೈನಿನಲ್ಲಿ ಅವಳ ಕೈಗೆ ಬೈದರು. ಅಂಗಡಿಯಲ್ಲಿ ಅವಳೇ ಅವಳ ಮೈಗೆ ಬೈದುಕೊಂಡಳು. ಎರಡು ಸಲವೂ ತಪ್ಪಿದ್ದು ರಟ್ಟು. ಒಂದು ಸಲ ಆ ರಟ್ಟು ಕತ್ತರಿಸಿದ ಕೈ ನನ್ನದು.

ಅಭಿಮಾನಿ ಸಂಘದ ಕಾರ್ಯದರ್ಶಿಗಳೇ, ಮುಂದಿನ ಚಿತ್ರಕ್ಕೆ ಟೀ ಶರ್ಟ್ ಮಾಡಿಸುವಾಗ ಒಂದು ಕಾಗದ ಹಿಡಿದು ಒಬ್ಬೊಬ್ಬರ ಎದೆಗೂ ಟೇಪು ಹಾಕಿ ಬರೆದುಕೊಳ್ಳಿ. ಅರ್ಧ ದಿನದ ಕೆಲಸ. ನಿಮ್ಮ ಹೀರೋ ಮುಖವೂ ನೆಟ್ಟಗಿರುತ್ತೆ, ಆ ದಪ್ಪ ಅಣ್ಣ ಊಟ ಬಿಡೋದೂ ತಪ್ಪುತ್ತೆ.

ಅಕ್ಕ ಈಗ ಗಾರ್ಮೆಂಟ್ಸ್ ಬಿಟ್ಟು ಊರಿನಲ್ಲೇ ಹೊಲಿಗೆ ಹಾಕುತ್ತಾಳೆ. ಬಂದವರನ್ನು ನಿಲ್ಲಿಸಿ, ಅಳೆದು, ಅವರ ಮೈಗೆ ಹೊಲಿದುಕೊಡುತ್ತಾಳೆ. ಒಳಗೆ ಒಂದಿಷ್ಟು ಬಟ್ಟೆ ಬಿಡುತ್ತಾಳೆ. ದಾರ, ಗುಂಡಿ ತರಲು ತಿಂಗಳಿಗೆ ಎರಡು ಸಲ ಚನ್ನಪಟ್ಟಣಕ್ಕೆ ಬಂದಾಗ ಬಸ್ ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಕೊಳ್ಳುತ್ತಾಳೆ. ತಮ್ಮ ಬರೆದದ್ದಿದ್ದರೆ ಬಸ್ಸಿನಲ್ಲೇ ಓದಿ ಮುಗಿಸುತ್ತಾಳೆ. ಈ ಲೇಖನವೂ ಕೈಗೆ ಸಿಗುತ್ತದೆ.

ಅಕ್ಕಾ, ಆ ಸೋಮವಾರ ತೋಳು ಕೂರದೆ ಹೋದದ್ದು ನಿನ್ನ ಕೈಯಿಂದಲ್ಲ. ಮೂರು ನೂಲಿನ ಜಾಗದಲ್ಲಿ ನಾನು ಒಂದು ಇಟ್ಟಿದ್ದೆ. ಮುಂದಿನ ವಾರ ಊರಿಗೆ ಬರ್ತೀನಿ. ಬೈಯಬೇಕು ಅನ್ನಿಸಿದರೆ ಬೈದುಬಿಡು. ಮಾತು ಮಾತ್ರ ಬಿಡಬೇಡ.